ಮಹಾಸಭೆಯೂ ತಪ್ಪಬಹುದು: ಪ್ರಾಟೆಸ್ಟೆಂಟರು, ಚರ್ಚಿನ ಇತಿಹಾಸ ಮತ್ತು ಅಧಿಕಾರದ ಪ್ರಶ್ನೆ

(ಊರಿನ ಓದುಗರ ಬಳಗವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹದಿನಾರನೆಯ ಶತಮಾನದಲ್ಲಿ ರೋಮಿನ ಪೋಪರಿಂದ ಬೇರೆಯಾದ ಕ್ರೈಸ್ತರು ಪ್ರಾಟೆಸ್ಟೆಂಟರು. ಅವರ ಬಗ್ಗೆ ಒಂದು ಮಾತು ಓಡಾಡುತ್ತಿರುತ್ತದೆ. ಅವರಿಗೆ ಬೈಬಲ್ ಒಂದಿದ್ದರೆ ಸಾಕು, ಇತಿಹಾಸದ ಗೊಡವೆ ಬೇಡ ಅಂತ. ಪೌಲನ ಪತ್ರಿಕೆಗಳು ಮುಗಿದ ಮೇಲೆ ಪುಟ ತಿರುವಿದರೆ ನೇರವಾಗಿ 1517, ಈ ಬಂಡಾಯ ಶುರು ಮಾಡಿದ ಜರ್ಮನ್ ಸನ್ಯಾಸಿ ಲೂಥರ್ ಸುತ್ತಿಗೆ ಹಿಡಿದು ನಿಂತಿದ್ದಾನೆ. ನಡುವಿನ ಹದಿನಾಲ್ಕು ಶತಮಾನ ಖಾಲಿ. ಇದನ್ನು ಕ್ಯಾಥೊಲಿಕರು ಮಾತ್ರ ಹೇಳುವುದಿಲ್ಲ, ಎಷ್ಟೋ ಪ್ರಾಟೆಸ್ಟೆಂಟರೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ನಾನೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನೋ ಪ್ರಾಟೆಸ್ಟೆಂಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವನು. ಸಂಡೇ ಸ್ಕೂಲಿನಲ್ಲಿ ಹಳೆಯ ಚರ್ಚಿನ ದೊಡ್ಡ ಗುರು ಅಗಸ್ಟೀನನ ಹೆಸರು ಕೇಳಿದ ನೆನಪು ನನಗಿಲ್ಲ.

ಇವತ್ತು ನಾನು ಹೇಳಬೇಕು ಅಂತಿರುವುದು ಇದಕ್ಕೆ ಉಲ್ಟಾ. ಮೊದಲ ತಲೆಮಾರಿನ ಪ್ರಾಟೆಸ್ಟೆಂಟರು ಇತಿಹಾಸಕ್ಕಾಗಿ ಕಿತ್ತಾಡಿದವರು. ಹಳೆಯ ಕಾಲ ನಮ್ಮ ಕಡೆ ಇದೆ ಅಂತ ಹಟ ಹಿಡಿದವರು. ಅವರು ಮಾಡಿದ್ದು ಇಷ್ಟು: ಇತಿಹಾಸವನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದರು, ಜಡ್ಜ್ ಕುರ್ಚಿಯಲ್ಲಿ ಕೂರಿಸಲಿಲ್ಲ. ಆ ಕುರ್ಚಿಯಲ್ಲಿ ಮತ್ಯಾರು ಕೂರಬೇಕು ಅನ್ನೋದು ಬೇರೆ ಪ್ರಶ್ನೆ. ಅದು ಇವತ್ತಿಗೂ ಬಗೆಹರಿದಿಲ್ಲ.

1517ರಲ್ಲಿ ಲೂಥರ್ ಸುತ್ತಿಗೆ ಹಿಡಿದು ಚರ್ಚಿನ ಬಾಗಿಲಿಗೆ 95 ವಾದಗಳನ್ನು ಹೊಡೆದ ಅನ್ನೋದು ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಲಿದ್ದದ್ದು ಮುಖ್ಯವಾಗಿ ಪಾಪಪರಿಹಾರ ಪತ್ರಗಳ ಮಾರಾಟದ ವಿಷಯ. ಅಧಿಕಾರದ ಪ್ರಶ್ನೆ ಬೆತ್ತಲಾಗಿ ಎದ್ದು ನಿಂತದ್ದು ಎರಡು ವರ್ಷ ಕಳೆದ ಮೇಲೆ, 1519ರ ಬೇಸಿಗೆಯಲ್ಲಿ, ಲೈಪ್‌ಜಿಗ್‌ನಲ್ಲಿ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಜಾಗ ಪ್ಲೈಸನ್‌ಬರ್ಗ್ ಕೋಟೆ. ಆತಿಥೇಯ ಸ್ಯಾಕ್ಸನಿಯ ಡ್ಯೂಕ್ ಗೆಯಾರ್ಗ್. ಒಂದು ಕಡೆ ಪೋಪರ ಪರವಾಗಿ ಇಂಗೋಲ್‌ಸ್ಟಾಟ್‌ನ ಪ್ರೊಫೆಸರ್ ಯೋಹಾನ್ ಎಕ್. ಎತ್ತರದ ಆಳು, ಗಟ್ಟಿ ಗಂಟಲು, ಭಯಂಕರ ನೆನಪಿನ ಶಕ್ತಿ. ಇನ್ನೊಂದು ಕಡೆ ವಿಟೆನ್‌ಬರ್ಗ್‌ನ ಕಾರ್ಲ್‌ಸ್ಟಾಟ್ ಮತ್ತು ಲೂಥರ್. ಇವರ ಜೊತೆಗೆ ವಿಟೆನ್‌ಬರ್ಗ್‌ನ ವಿದ್ಯಾರ್ಥಿಗಳು ಆಯುಧ ಹಿಡಿದುಕೊಂಡೇ ಬಂದಿದ್ದರು. ಊರೊಳಗೆ ಬರುವಾಗಲೇ ಕಾರ್ಲ್‌ಸ್ಟಾಟ್ ಕೂತಿದ್ದ ಬಂಡಿಯ ಚಕ್ರ ಮುರಿದು ಆಸಾಮಿ ಕೆಸರಿಗೆ ಬಿದ್ದ. ವಾದ ಶುರುವಾದ ಮೇಲೂ ಅವನ ಗತಿ ಹಾಗೇ ಆಯಿತು. ಪ್ರತಿ ಮಾತಿಗೂ ಪುಸ್ತಕ ತೆಗೆದು ಓದುತ್ತಿದ್ದ. ಎಕ್ ಅದಕ್ಕೆ ತಕರಾರು ಎತ್ತಿ ಪುಸ್ತಕ ನೋಡುವುದನ್ನೇ ನಿಲ್ಲಿಸಿಬಿಟ್ಟ. ಜುಲೈ 4ರಂದು ಲೂಥರ್ ಎದ್ದು ನಿಂತ. ಮೂವತ್ತೈದು ವಯಸ್ಸು, ಮೂಳೆ ಎಣಿಸಬಹುದಾದಷ್ಟು ಸಣಕಲು ಮೈ. ಕೈಯಲ್ಲಿ ಒಂದು ಹೂಗೊಂಚಲು ಇತ್ತು, ಮಾತಿನ ನಡುವೆ ಅದನ್ನು ಮೂಸುತ್ತಿದ್ದ ಅಂತ ಹೇಳುತ್ತಾರೆ.

ವಾದದ ವಿಷಯ ಪೋಪರ ಹಿರಿತನ. ಲೂಥರ್ ಮೊದಲೇ ಪ್ರಕಟಿಸಿದ್ದ ನಿಲುವು ಗಮನಿಸಿ. ರೋಮಿನ ಸಭೆ ಎಲ್ಲ ಸಭೆಗಳಿಗಿಂತ ಮೇಲು ಅನ್ನೋದಕ್ಕೆ ಆಧಾರ ಕಳೆದ ನಾನ್ನೂರು ವರ್ಷಗಳ ಪೋಪರ ಆಜ್ಞೆಗಳು ಮಾತ್ರ. ಅದಕ್ಕೆ ವಿರುದ್ಧವಾಗಿ ಹಿಂದಿನ ಸಾವಿರದ ನೂರು ವರ್ಷಗಳ ಇತಿಹಾಸವಿದೆ, ಬೈಬಲಿನ ಮಾತಿದೆ, ಬಿಷಪ್‌ಗಳೆಲ್ಲ ಸೇರಿ ಸಿದ್ಧಾಂತ ತೀರ್ಮಾನಿಸುವ ಮಹಾಸಭೆಗಳಲ್ಲಿ ಮೊದಲನೆಯದಾದ ನೈಸೀಯ ಮಹಾಸಭೆಯ ತೀರ್ಮಾನವಿದೆ ಅಂತ. ನೋಡಿ, ಇದು ಇತಿಹಾಸ ಬೇಡ ಅನ್ನುವವನ ಮಾತಾ? ಈ ವಾದಕ್ಕಾಗಿ ಅವನು ಚರ್ಚಿನ ಹಳೆಯ ಕಾನೂನು ಕಡತಗಳನ್ನು ಕೂತು ಓದಿದ್ದ. ವಾದದ ನಡುವೆ ಗ್ರೀಕ್ ಸಭೆಗಳ ಮಾತೂ ತಂದ. ಪೂರ್ವದ ಕ್ರೈಸ್ತರು ರೋಮಿನ ಕೈಕೆಳಗೆ ಇರಲಿಲ್ಲ, ಅವರಲ್ಲಿ ಎಷ್ಟೋ ಸಂತರು ಆಗಿಹೋದರು, ಅವರೆಲ್ಲ ನರಕಕ್ಕೆ ಹೋದರಾ ಅಂತ ಕೇಳಿದ.

ಎಕ್ ಘಾಟಿ. ಬೈಬಲಿನ ವಚನಗಳನ್ನು ಬಿಟ್ಟು ಒಂದು ಹೆಸರು ಎಳೆದು ತಂದ. ಯಾನ್ ಹುಸ್. ಪ್ರಾಗಿನ ಬೋಧಕ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅವನನ್ನು ಪಾಷಂಡಿ ಅಂತ ತೀರ್ಪು ಕೊಟ್ಟು, ಅವನನ್ನು ಸುಡಲಾಗಿತ್ತು. ನೀನು ಹೇಳುತ್ತಿರುವುದು ಹುಸ್ ಹೇಳಿದ್ದೇ ಅಲ್ವಾ ಅಂದ ಎಕ್. ಲೈಪ್‌ಜಿಗ್‌ನಲ್ಲಿ ಈ ಹೆಸರು ಎತ್ತುವುದೆಂದರೆ ಗಾಯ ಕೆದಕಿದ ಹಾಗೆ. 1409ರಲ್ಲಿ ಪ್ರಾಗ್ ಬಿಟ್ಟು ಬಂದ ಜರ್ಮನ್ ಮೇಷ್ಟ್ರುಗಳು, ವಿದ್ಯಾರ್ಥಿಗಳೇ ಇಲ್ಲಿನ ವಿಶ್ವವಿದ್ಯಾಲಯ ಕಟ್ಟಿದ್ದರು. ಆಮೇಲಿನ ಯುದ್ಧಗಳಲ್ಲಿ ಹುಸ್‌ನ ಅನುಯಾಯಿಗಳು ಸ್ಯಾಕ್ಸನಿಯ ಊರುಗಳಿಗೆ ಬೆಂಕಿ ಇಟ್ಟಿದ್ದರು. ತಮಾಷೆ ಅಂದರೆ ಡ್ಯೂಕ್‌ನ ಸ್ವಂತ ತಾಯಿಯೇ ಬೊಹೀಮಿಯದ ಹುಸ್ ಪಕ್ಷದ ರಾಜ ಪೊಡೆಬ್ರಾಡಿಯ ಗೆಯಾರ್ಗ್‌ನ ಮಗಳು. ಇಂಥ ಮನೆಗಳಲ್ಲೇ ಸಿಟ್ಟು ಜಾಸ್ತಿ ಇರುತ್ತದೆ ಅಂತ ಕಾಣುತ್ತದೆ.

ಲೂಥರ್ ಮೊದಲು ಹೌಹಾರಿದ, ನನಗೂ ಆ ಬೊಹೀಮಿಯದವರಿಗೂ ಸಂಬಂಧವಿಲ್ಲ ಅಂದ. ಅಷ್ಟರಲ್ಲಿ ಊಟದ ಬಿಡುವು ಬಂತು. ಅವನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಕಾನ್‌ಸ್ಟನ್ಸ್ ಮಹಾಸಭೆಯ ದಾಖಲೆ ತೆಗೆಸಿ ಓದಿದ. ಮಹಾಸಭೆ ಖಂಡಿಸಿದ ಹುಸ್‌ನ ವಾಕ್ಯಗಳ ಪಟ್ಟಿಯಲ್ಲಿ ಒಂದು ಹೀಗಿತ್ತು: ದೇವರು ಆರಿಸಿಕೊಂಡವರ ಸಮೂಹವೇ ಪರಿಶುದ್ಧ ಸಾರ್ವತ್ರಿಕ ಸಭೆ. ಅರೆ, ಇದು ಅಗಸ್ಟೀನನ ಮಾತು! ಲೂಥರ್ ಅಗಸ್ಟೀನನ ಹೆಸರಿನ ಮಠದಲ್ಲೇ ಸನ್ಯಾಸಿಯಾಗಿದ್ದವನು. ಮಧ್ಯಾಹ್ನ ವಾಪಸ್ ಬಂದು ಹೇಳಿದ: ಹುಸ್‌ನ ವಾಕ್ಯಗಳಲ್ಲಿ ಹಲವು ಪೂರ್ತಿ ಕ್ರೈಸ್ತ ವಾಕ್ಯಗಳು, ಸುವಾರ್ತೆಗೆ ಒಪ್ಪುವಂಥವು, ಅವನ್ನು ಸಭೆ ಖಂಡಿಸಲಾಗದು. ಡ್ಯೂಕ್ ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಶಾಪ ಹಾಕಿದ.

ಆಮೇಲೆ ಎಕ್ ಅವನನ್ನು ಬಿಡಲಿಲ್ಲ. ಹಾಗಾದರೆ ಮಹಾಸಭೆ ತಪ್ಪು ಮಾಡಿತು ಅಂತೀಯಾ? ಸುತ್ತಿ ಬಳಸಿ ಕೊನೆಗೆ ಲೂಥರ್ ಬಾಯಿಂದ ಅದು ಬಂತು: ಮಹಾಸಭೆಯೂ ತಪ್ಪಬಹುದು, ಕೆಲವು ಸಲ ತಪ್ಪಿದೆ. ಪೋಪರು ತಪ್ಪಬಹುದು ಅಂತ ಹೇಳಿದವರು ಅದಕ್ಕೂ ಮೊದಲು ಬೇಕಾದಷ್ಟು ಜನ ಇದ್ದರು. ಅವರೆಲ್ಲ ಪೋಪರ ಮೇಲಿನ ಕೋರ್ಟು ಅಂತ ಮಹಾಸಭೆಯನ್ನು ತೋರಿಸುತ್ತಿದ್ದರು. ಲೂಥರ್ ಆ ಮೇಲಿನ ಕೋರ್ಟನ್ನೂ ಬಿಟ್ಟ. ಎಕ್ ದೃಷ್ಟಿಯಲ್ಲಿ ಅಲ್ಲಿಗೆ ಕೇಸು ಮುಗಿದಿತ್ತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಲೂಥರ್ ಗೆಳೆಯ ಸ್ಪಾಲಾಟಿನ್‌ಗೆ ಬರೆದ ಪತ್ರದಲ್ಲಿ, ನಾವೆಲ್ಲ ಗೊತ್ತಿಲ್ಲದೆಯೇ ಹುಸ್‌ನ ಕಡೆಯವರು ಅಂತ ಒಪ್ಪಿಕೊಂಡ. 1521ರ ಏಪ್ರಿಲ್‌ನಲ್ಲಿ ವರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ಹೇಳಿದ್ದೂ ಇದನ್ನೇ: ಪೋಪರೂ ಮಹಾಸಭೆಗಳೂ ಎಷ್ಟೋ ಸಲ ತಪ್ಪಿವೆ, ತಮ್ಮ ಮಾತನ್ನು ತಾವೇ ಕಡಿದಿವೆ.

ನನಗೆ ಇಲ್ಲಿ ಇಷ್ಟವಾಗುವುದು ಆ ಗ್ರಂಥಾಲಯದ ಮಧ್ಯಾಹ್ನ. ಮಹಾಸಭೆ ತಪ್ಪಿದೆ ಅನ್ನೋದು ಅವನಿಗೆ ಗೊತ್ತಾದದ್ದು ಮಹಾಸಭೆಯ ಕಡತ ಓದಿ. ಬೈಬಲ್ ಒಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರೆ ಎಕ್‌ಗೆ ಆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಮುಂದಿನವರೂ ಇದೇ ದಾರಿ ಹಿಡಿದರು. 1539ರಲ್ಲಿ ಕಾರ್ಡಿನಲ್ ಸಾಡೊಲೆಟೊ ಜಿನೀವಾದ ಜನರಿಗೆ ಪತ್ರ ಬರೆದು, ಹದಿನೈದು ನೂರು ವರ್ಷ ಎಲ್ಲರೂ ಒಪ್ಪಿದ್ದನ್ನು ಬಿಟ್ಟು ಇಪ್ಪತ್ತೈದು ವರ್ಷದ ಹೊಸತನ್ನು ನಂಬುತ್ತೀರಾ, ಯಾವುದು ಸುರಕ್ಷಿತ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಜಿನೀವಾದಿಂದ ಹೊರಹಾಕಲ್ಪಟ್ಟು ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಪ್ರಾಟೆಸ್ಟೆಂಟ್ ಬೋಧಕ ಕ್ಯಾಲ್ವಿನ್ ಅದಕ್ಕೆ ಉತ್ತರ ಬರೆದ. ಹಳೆಯ ಕಾಲದ ಸಭೆಗೆ ನಿಮಗಿಂತ ನಾವೇ ಹತ್ತಿರ, ನಾವು ಆ ಹಳೆಯ ರೂಪವನ್ನೇ ಮತ್ತೆ ತರಲು ನೋಡುತ್ತಿದ್ದೇವೆ ಅಂದ. 1559ರಲ್ಲಿ ಲಂಡನ್ನಿನಲ್ಲಿ ಪ್ರಾಟೆಸ್ಟೆಂಟ್ ಪಂಡಿತ ಜಾನ್ ಜ್ಯೂವೆಲ್ ಇನ್ನೂ ಧೈರ್ಯ ಮಾಡಿದ. ಕ್ರಿಸ್ತನ ನಂತರದ ಮೊದಲ ಆರುನೂರು ವರ್ಷಗಳಲ್ಲಿ ಯಾವುದಾದರೂ ಸಭಾಪಿತೃಗಳ, ಅಂದರೆ ಆದಿಕಾಲದ ಚರ್ಚಿನ ಗುರುಗಳ, ಬರಹದಿಂದ, ಮಹಾಸಭೆಯಿಂದ ಅಥವಾ ಬೈಬಲಿನಿಂದ ಒಂದೇ ಒಂದು ವಾಕ್ಯ ತೋರಿಸಿ, ಕರ್ತನ ಭೋಜನದ ಆಚರಣೆಯಲ್ಲಿ ಜನರಿಗೆ ದ್ರಾಕ್ಷಾರಸ ಬಿಟ್ಟು ರೊಟ್ಟಿ ಮಾತ್ರ ಕೊಡುತ್ತಿದ್ದರು ಅಂತಲೋ ಪೋಪರು ಇಡೀ ಲೋಕಕ್ಕೆ ಬಿಷಪ್ ಅಂತಲೋ ತೋರಿಸಿ, ನಾನು ಸೋತೆ ಅಂತ ಒಪ್ಪುತ್ತೇನೆ ಅಂತ ಬೋಧನೆಯಲ್ಲೇ ಸವಾಲು ಹಾಕಿದ. ವರ್ಷಗಟ್ಟಲೆ ಪುಸ್ತಕಗಳ ಜಗಳ ನಡೆಯಿತು.

ಇಂಗ್ಲೆಂಡಿನ ಸಭೆ ಒಪ್ಪಿದ 39 ನಿಬಂಧನೆಗಳಲ್ಲಿ ಈ ನಿಲುವು ಚೊಕ್ಕವಾಗಿ ಕಾಣುತ್ತದೆ. ಎಂಟನೆಯದು ಹಳೆಯ ಮೂರು ವಿಶ್ವಾಸ ಪ್ರಮಾಣಗಳನ್ನು ಒಪ್ಪುತ್ತದೆ. ಕಾರಣ, ಅವುಗಳನ್ನು ಬೈಬಲಿನಿಂದ ಸಾಧಿಸಬಹುದು. ಇಪ್ಪತ್ತೊಂದನೆಯದು ಮಹಾಸಭೆಗಳು ತಪ್ಪಬಹುದು, ತಪ್ಪಿವೆ ಅನ್ನುತ್ತದೆ. ಅಂದರೆ ನೈಸೀಯ ಹೇಳಿದ್ದು ಸರಿ, ಆದರೆ ನೈಸೀಯ ಹೇಳಿತು ಅನ್ನೋ ಒಂದೇ ಕಾರಣಕ್ಕೆ ಅಲ್ಲ. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1546ರಲ್ಲಿ ಬೇರೆ ಹೇಳಿತ್ತು: ಬೈಬಲಿಗೂ, ಅಪೊಸ್ತಲರಿಂದ ಬಾಯಿಂದ ಬಾಯಿಗೆ ಬಂದ ಪರಂಪರೆಗೂ ಸಮನಾದ ಭಕ್ತಿ ಸಲ್ಲಬೇಕು. ಇಬ್ಬರ ನಡುವಿನ ಗೆರೆ ಇಲ್ಲಿದೆ.

ಸಾಕ್ಷಿ ಬೇಕು ಅಂದ ಮೇಲೆ ಸಾಕ್ಷಿ ಹುಡುಕಬೇಕಲ್ಲ. ಆ ಕೆಲಸಕ್ಕೆ ಟೊಂಕ ಕಟ್ಟಿದವನು ಮತ್ತಿಯಾಸ್ ಫ್ಲಾಸಿಯಸ್, ಆಡ್ರಿಯಾಟಿಕ್ ಕಡಲ ತೀರದ ಇಸ್ಟ್ರಿಯಾದವನು. ಮಹಾ ಜಗಳಗಂಟ, ತನ್ನ ಪಕ್ಷದವರ ಜೊತೆಗೂ ಹೊಂದಿಕೊಂಡವನಲ್ಲ. 1556ರಲ್ಲಿ, ಲೂಥರ್‌ಗೂ ಮೊದಲೇ ರೋಮನ್ನು ಎದುರಿಸಿದವರದೊಂದು ಸಾಕ್ಷಿಪಟ್ಟಿ ಪ್ರಕಟಿಸಿದ. ಆಮೇಲೆ ಒಂದು ತಂಡ ಕಟ್ಟಿಕೊಂಡು, ಊರೂರಿನ ಗ್ರಂಥಾಲಯಗಳಿಂದ ಹಸ್ತಪ್ರತಿ ತರಿಸಿ, ಶತಮಾನಕ್ಕೊಂದು ಸಂಪುಟದ ಹಾಗೆ ಚರ್ಚಿನ ಇತಿಹಾಸ ಬರೆಸಿದ. 1559ರಿಂದ 1574ರವರೆಗೆ ಬಾಸೆಲ್‌ನಲ್ಲಿ ಹದಿಮೂರು ಸಂಪುಟ ಅಚ್ಚಾದವು. ಮ್ಯಾಗ್ಡೆಬರ್ಗ್ ಸೆಂಚುರಿಗಳು ಅಂತ ಹೆಸರು. ಇವನು ಮಠಗಳಿಗೆ ಹೋಗಿ ಹಸ್ತಪ್ರತಿಗಳ ಹಾಳೆ ಕತ್ತರಿಸಿ ಕದಿಯುತ್ತಾನೆ ಅಂತ ಗುಲ್ಲೆದ್ದು, ಫ್ಲಾಸಿಯಸನ ಚಾಕು ಅನ್ನೋ ಮಾತೇ ಹುಟ್ಟಿಕೊಂಡಿತು. ಇದಕ್ಕೆ ಉತ್ತರವಾಗಿ ರೋಮಿನಲ್ಲಿ ಕ್ಯಾಥೊಲಿಕ್ ಇತಿಹಾಸಕಾರ ಬರೋನಿಯಸ್ 1588ರಿಂದ 1607ರವರೆಗೆ ಹನ್ನೆರಡು ಸಂಪುಟ ಹೊರತಂದ.

ಎರಡೂ ಪಕ್ಷಪಾತದ ಇತಿಹಾಸವೇ, ಬಿಡಿ. ಆದರೆ ಜಗಳದಿಂದ ಲಾಭವಾದದ್ದೂ ಉಂಟು. ಆದಿ ಪೋಪರ ಹೆಸರಿನಲ್ಲಿ ಒಂಬತ್ತನೆಯ ಶತಮಾನದಲ್ಲಿ ಯಾರೋ ಹೆಣೆದಿದ್ದ ಆಜ್ಞಾಪತ್ರಗಳು ಖೋಟಾ ಅಂತ ಮ್ಯಾಗ್ಡೆಬರ್ಗ್‌ನವರು ತೋರಿಸಿದರು. ಅದನ್ನು 1628ರಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಧಿಸಿದವನು ಫ್ರಾನ್ಸಿನ ಪ್ರಾಟೆಸ್ಟೆಂಟ್ ಬೋಧಕ ಡೇವಿಡ್ ಬ್ಲೊಂಡೆಲ್. ಅದೇ ಬ್ಲೊಂಡೆಲ್ 1647ರಲ್ಲಿ ಪ್ರಾಟೆಸ್ಟೆಂಟರಿಗೆ ಬಲು ಪ್ರಿಯವಾದ ಇನ್ನೊಂದು ಕಥೆಯನ್ನೂ ಕಿತ್ತುಹಾಕಿದ. ಒಬ್ಬ ಹೆಂಗಸು ಗಂಡುವೇಷದಲ್ಲಿ ಪೋಪ್ ಆಗಿದ್ದಳು ಅನ್ನೋ ಕಥೆ. ಅವನ ಕಡೆಯವರಿಗೇ ಸಿಟ್ಟು ಬಂತು. ನನ್ನ ಕಣ್ಣಿಗೆ ಇವನು ಫ್ಲಾಸಿಯಸ್‌ಗಿಂತ ದೊಡ್ಡವನು.

ಈಗ ಕಹಿ ಭಾಗಕ್ಕೆ ಬರೋಣ.

ಹಳೆಯ ಸಭೆ ನಮ್ಮ ಕಡೆ ಅಂತ ಹೇಳಿದವರು ಒಮ್ಮೆ ನಿಜವಾಗಿಯೂ ಹಳೆಯ ಸಭೆಯ ಬಾಗಿಲು ತಟ್ಟಿದರು. 1570ರ ದಶಕದಲ್ಲಿ ಟ್ಯೂಬಿಂಗನ್‌ನ ಲೂಥರನ್ ಪಂಡಿತರು ತಮ್ಮ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ ಗ್ರೀಕ್ ಅನುವಾದವನ್ನು ಕಾನ್‌ಸ್ಟಾಂಟಿನೋಪಲ್‌ನ ಪಿತಾಮಹ, ಅಂದರೆ ಗ್ರೀಕ್ ಸಭೆಯ ಮುಖ್ಯಸ್ಥ, ಎರಡನೆಯ ಯೆರೆಮಿಯಾಸ್‌ಗೆ ಕಳಿಸಿದರು. ಪೋಪರನ್ನು ಒಪ್ಪದ ಹಳೆಯ ಸಭೆ, ನಮ್ಮನ್ನು ಮೆಚ್ಚಿಕೊಳ್ಳಬಹುದು ಅನ್ನೋ ಆಸೆ. ಅವನು ತಾಳ್ಮೆಯಿಂದ, ಉದ್ದುದ್ದ ಉತ್ತರ ಕೊಟ್ಟ. ಕೆಲವು ಸರಿ, ಹಲವು ತಪ್ಪು; ಪಿತೃಗಳ ದಾರಿಗೆ ಬನ್ನಿ ಅಂದ. ಇವರು ಮತ್ತೆ ಬರೆದರು. ಅವನೂ ಬರೆದ. 1581ರಲ್ಲಿ ಅವನಿಗೆ ಸಾಕಾಯಿತು. ನಿಮ್ಮ ದಾರಿ ನಿಮಗೆ, ಇನ್ನು ಮೇಲೆ ಸಿದ್ಧಾಂತದ ಬಗ್ಗೆ ಬರೆಯಬೇಡಿ, ಬರೆಯುವುದಾದರೆ ಸ್ನೇಹಕ್ಕೆ ಮಾತ್ರ ಬರೆಯಿರಿ ಅಂತ ಮುಗಿಸಿದ. ಲೈಪ್‌ಜಿಗ್‌ನಲ್ಲಿ ಲೂಥರ್ ಕರೆತಂದ ಗ್ರೀಕ್ ಸಾಕ್ಷಿ ಕಟಕಟೆಗೆ ಬಂದು ಇಬ್ಬರ ವಿರುದ್ಧವೂ ಹೇಳಿಕೆ ಕೊಟ್ಟು ಹೋದ ಹಾಗಾಯಿತು.

ಎರಡನೆಯದು ಇನ್ನೂ ಹತ್ತಿರದ್ದು. ಬೈಬಲೇ ಜಡ್ಜ್ ಅಂದರೆ, ಬೈಬಲ್ ಓದುವ ಇಬ್ಬರು ಎರಡು ರೀತಿ ಓದಿದರೆ? 1529ರ ಅಕ್ಟೋಬರಿನಲ್ಲಿ ಮಾರ್‌ಬರ್ಗ್‌ನಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಪ್ರಾಟೆಸ್ಟೆಂಟ್ ಬೋಧಕ ಜ್ವಿಂಗ್ಲಿ ಎದುರು ಬದುರು ಕೂತರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಉಳಿದದ್ದು ಕರ್ತನ ಭೋಜನದ ವಿಷಯ. ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೋ ಇಲ್ಲವೋ. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ, ಇದು ನನ್ನ ದೇಹ ಅನ್ನೋ ವಚನ ಬರೆದು ಕೂತುಬಿಟ್ಟ. ಜ್ವಿಂಗ್ಲಿ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯ ತೆಗೆದ. ಇಬ್ಬರೂ ಬೈಬಲನ್ನೇ ಹಿಡಿದಿದ್ದರು. ಇಬ್ಬರೂ ಜಗ್ಗಲಿಲ್ಲ.

ಹಾಗಾದರೆ ತೀರ್ಪು ಕೊಟ್ಟವರು ಯಾರು? ಜ್ಯೂರಿಕ್‌ನಲ್ಲಿ ನಗರಸಭೆ. 1523ರ ಜನವರಿಯಲ್ಲಿ ವಾದ ಕೇಳಿ, ಜ್ವಿಂಗ್ಲಿ ಬೋಧಿಸಬಹುದು ಅಂತ ಹೇಳಿದ್ದು ಊರಿನ ಕೌನ್ಸಿಲ್ಲೇ. ಎರಡು ವರ್ಷ ಕಳೆದ ಮೇಲೆ ಅವನದೇ ಶಿಷ್ಯರು ಬೈಬಲಿನಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಕೊಟ್ಟದ್ದು ಎಲ್ಲಿದೆ ತೋರಿಸಿ ಅಂದಾಗ, ಜ್ವಿಂಗ್ಲಿ ರೋಮಿಗೆ ಕೇಳುತ್ತಿದ್ದ ಪ್ರಶ್ನೆ ಅವನಿಗೇ ತಿರುಗಿ ಬಂತು. ಅದಕ್ಕೆ ಕೌನ್ಸಿಲ್ ಕೊಟ್ಟ ಉತ್ತರ ಗೊತ್ತಾ? 1527ರ ಜನವರಿ 5ರಂದು ಫೆಲಿಕ್ಸ್ ಮಾಂಟ್ಸ್ ಅನ್ನೋ ಯುವಕನ ಕೈಕಾಲು ಕಟ್ಟಿ ಲಿಮಾಟ್ ನದಿಯಲ್ಲಿ ಮುಳುಗಿಸಿದರು. ಪೋಪರ ಕುರ್ಚಿ ಖಾಲಿ ಮಾಡಿಸಿದ ಮೇಲೆ ಅಲ್ಲಿ ಬಂದು ಕೂತವರು ಹೆಚ್ಚಿನ ಕಡೆ ರಾಜರು, ನಗರಸಭೆಗಳು. ಆಗಲೇ ಹೇಳಿದ ಇಪ್ಪತ್ತೊಂದನೆಯ ನಿಬಂಧನೆಯ ಮೊದಲ ಸಾಲು ಓದಿ: ಅರಸರ ಅಪ್ಪಣೆಯಿಲ್ಲದೆ ಮಹಾಸಭೆ ಸೇರಕೂಡದು ಅಂತಿದೆ. ನನ್ನ ಪ್ರಕಾರ ಪ್ರಾಟೆಸ್ಟೆಂಟರು ಉತ್ತರ ಕೊಡಬೇಕಾದ ನಿಜವಾದ ಆಕ್ಷೇಪ ಇದೇ. ಲೂಥರ್‌ಗೂ ಮೊದಲು ನಿಮ್ಮ ಸಭೆ ಎಲ್ಲಿತ್ತು ಅನ್ನೋ ಹಳೆಯ ಕುಟುಕು ಇದರ ಮುಂದೆ ಏನೂ ಅಲ್ಲ.

1845ರಲ್ಲಿ ಇಂಗ್ಲೆಂಡಿನ ಸಭೆ ಬಿಟ್ಟು ಕ್ಯಾಥೊಲಿಕ್ ಸಭೆಗೆ ಸೇರಿದ ಪಂಡಿತ ನ್ಯೂಮನ್, ಇತಿಹಾಸದಲ್ಲಿ ಆಳಕ್ಕಿಳಿದವನು ಪ್ರಾಟೆಸ್ಟೆಂಟ್ ಆಗಿ ಉಳಿಯುವುದಿಲ್ಲ ಅಂತ ಬರೆದ. ಈ ಸಾಲನ್ನು ಎಲ್ಲರೂ ಉದಾಹರಿಸುತ್ತಾರೆ. ಅದೇ ವರ್ಷ ಅಮೆರಿಕದ ಮರ್ಸರ್ಸ್‌ಬರ್ಗ್‌ನಲ್ಲಿ ಫಿಲಿಪ್ ಶಾಫ್ ಅನ್ನೋ ಪ್ರಾಟೆಸ್ಟೆಂಟ್ ಇತಿಹಾಸಕಾರ, ಮಧ್ಯಯುಗದ ಸಭೆಯೇ ಹೆತ್ತ ಕೂಸು ಲೂಥರ್ ಶುರು ಮಾಡಿದ ಈ ಸುಧಾರಣೆ ಅಂತ ವಾದಿಸಿ ತನ್ನವರಿಂದಲೇ ಪಾಷಂಡದ ಆರೋಪ ಹೊತ್ತುಕೊಂಡ. ಅವನ ಕಥೆ ಯಾರಿಗೂ ನೆನಪಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ನ್ಯೂಮನ್ ಆಧಾರ ಮಾಡಿಕೊಂಡದ್ದು ಸಿದ್ಧಾಂತ ಕಾಲಕಾಲಕ್ಕೆ ಬೆಳೆಯುತ್ತದೆ ಅನ್ನೋ ವಿಚಾರವನ್ನು. ಇಪ್ಪತ್ತು ವರ್ಷ ಕಳೆದ ಮೇಲೆ ಕಾರ್ಡಿನಲ್ ಆಗಲಿದ್ದ ಮ್ಯಾನಿಂಗ್, ಇಂದಿನ ಸಭೆಯ ಮಾತು ಬಿಟ್ಟು ಹಳೆಯ ಕಾಲಕ್ಕೆ ಮೇಲ್ಮನವಿ ಹೋಗುವುದೇ ದ್ರೋಹ, ಪಾಷಂಡ ಅಂತ ಬರೆದ. ಅಂದರೆ ಅಲ್ಲಿಯೂ ಇತಿಹಾಸ ಜಡ್ಜ್ ಅಲ್ಲ. ಅಲ್ಲಿ ಕುರ್ಚಿ ಖಾಲಿ ಇಲ್ಲ, ಅಷ್ಟೇ.

ನಮ್ಮ ಕಡೆಗೂ ಈ ವಿಷಯ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಹಿಂದೆ ಲೂಥರನ್ನರೂ ಇದ್ದರು, ಜ್ವಿಂಗ್ಲಿ, ಕ್ಯಾಲ್ವಿನ್ ಹಾದಿಯ ಸ್ವಿಸ್ ರಿಫಾರ್ಮ್ಡ್ ಜನರೂ ಇದ್ದರು. ಮಾರ್‌ಬರ್ಗ್‌ನಲ್ಲಿ ಕೈಕುಲುಕದೆ ಎದ್ದುಹೋದವರ ಮೊಮ್ಮಕ್ಕಳು ಒಂದೇ ಹಡಗಿನಲ್ಲಿ ಬಂದರು ಅನ್ನಬಹುದು. ಅವರ ಸಭೆಗಳಲ್ಲಿ ಬಿಷಪ್ ಇರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ದೊಡ್ಡ ತೊಡಕು ಇದೇ ಆಗಿತ್ತು. ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಸಭೆಯ ಕಡೆಯವರಿಗೆ, ಬಿಷಪ್ ಪರಂಪರೆ ಆದಿಕಾಲದಿಂದ ಬಂದ ಆಸ್ತಿ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳಿಗೆ ಅದರ ಹಂಗೇ ಇರಲಿಲ್ಲ. ಟ್ರಾಂಕ್ವೆಬಾರ್‌ನಲ್ಲಿ 1919ರಲ್ಲಿ ಶುರುವಾದ ಮಾತುಕತೆ ಮುಗಿಯಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಕೊನೆಗೆ ಬಂದ ಒಪ್ಪಂದ ಜಾಣತನದ್ದು. ಬಿಷಪ್ ಪರಂಪರೆ ಇರಲಿ, ಆದರೆ ಅದಕ್ಕೆ ಇಂಥದೇ ಅರ್ಥ ಅಂತ ಯಾರ ಮೇಲೂ ಹೇರಬಾರದು. ಮುಂದೆ ಬಿಷಪ್‌ಗಳೇ ಪಾದ್ರಿಗಳಿಗೆ ಅಭಿಷೇಕ ಮಾಡಲಿ, ಆದರೆ ಈಗಾಗಲೇ ಇರುವವರಿಗೆ ಮತ್ತೊಮ್ಮೆ ಅಭಿಷೇಕ ಬೇಡ. ಇಂಗ್ಲೆಂಡಿನಲ್ಲಿ ಹಲವರು ಕೆಂಡವಾದರು. ನಂದ್ಯಾಲದ ಕಡೆ ಆಂಗ್ಲಿಕನ್ನರ ಒಂದು ಗುಂಪು ಸೇರಲೇ ಇಲ್ಲ. ಇತಿಹಾಸದಿಂದ ಬಂದದ್ದನ್ನು ಉಳಿಸಿಕೊಂಡು, ಅದರ ಕೈಗೆ ಬೀಗದ ಕೈ ಮಾತ್ರ ಕೊಡದೆ ಇರುವುದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯುರೋಪಿನಲ್ಲೂ ಸಿಕ್ಕಿಲ್ಲ.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಸರ್, ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಅಂತ ಆರಿಸಿದ್ದು ಸಭೆಯೇ ಅಲ್ವಾ? ಸಭೆಯ ಅಧಿಕಾರ ಬೇಡ, ಅದು ಆರಿಸಿದ ಪುಸ್ತಕ ಮಾತ್ರ ಬೇಕು ಅಂದರೆ ಹೇಗೆ?")

ಇದು ಎಕ್ ಕೇಳಬಹುದಾಗಿದ್ದ ಪ್ರಶ್ನೆ, ಸರ್. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇವತ್ತಿನ ಹಾಗೆಯೇ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಪತ್ರದಲ್ಲಿ. ಅಲ್ಲಿಯವರೆಗೆ ಕೆಲವು ಪುಸ್ತಕಗಳ ಬಗ್ಗೆ ಅಲ್ಲಲ್ಲಿ ಅನುಮಾನ ಇದ್ದೇ ಇತ್ತು. ಕ್ಯಾಲ್ವಿನ್ ಕೊಟ್ಟ ಉತ್ತರ ಇದು: ಸಭೆ ಬೈಬಲನ್ನು ಮಾಡಲಿಲ್ಲ, ಗುರುತಿಸಿತು, ಬಿಳಿ ಯಾವುದು ಕಪ್ಪು ಯಾವುದು, ಸಿಹಿ ಯಾವುದು ಕಹಿ ಯಾವುದು ಅಂತ ಗೊತ್ತಾಗಲು ಯಾರ ಸರ್ಟಿಫಿಕೇಟೂ ಬೇಡ. ನಾಲ್ಕು ಸುವಾರ್ತೆಗಳ, ಪೌಲನ ಪತ್ರಿಕೆಗಳ ಮಟ್ಟಿಗೆ ಈ ಉತ್ತರ ನನಗೆ ಸಾಕು ಅನಿಸುತ್ತದೆ. ಅವುಗಳನ್ನು ಯಾವ ಮಹಾಸಭೆಗೂ ಕಾಯದೆ ಸಭೆಗಳು ಮೊದಲೇ ಓದುತ್ತಿದ್ದವು. ಅಂಚಿನ ಪುಸ್ತಕಗಳಿಗೆ ಬಂದರೆ ಉತ್ತರ ಸ್ವಲ್ಪ ತೆಳುವಾಗುತ್ತದೆ.

ಲೂಥರ್‌ಗೇ ಅದು ಗೊತ್ತಿತ್ತು. 1522ರ ತನ್ನ ಹೊಸ ಒಡಂಬಡಿಕೆಯಲ್ಲಿ ಅವನು ಇಬ್ರಿಯರಿಗೆ ಬರೆದ ಪತ್ರಿಕೆ, ಯಾಕೋಬನ ಪತ್ರಿಕೆ, ಯೂದನ ಪತ್ರಿಕೆ, ಪ್ರಕಟನೆ, ಈ ನಾಲ್ಕನ್ನು ಕೊನೆಗೆ ತಳ್ಳಿ, ಪಟ್ಟಿಯಲ್ಲಿ ಅವಕ್ಕೆ ನಂಬರ್ ಕೂಡ ಹಾಕಲಿಲ್ಲ. ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಅಂತ ಕರೆದ. ಆದರೂ ಒಂದನ್ನೂ ತೆಗೆದುಹಾಕಲಿಲ್ಲ. ಅವನಿಗೆ ಧೈರ್ಯ ಕಡಿಮೆ ಅಂತ ಯಾರೂ ಹೇಳುವ ಹಾಗಿಲ್ಲ. ಸಾವಿರ ವರ್ಷ ಸಭೆ ಓದಿಕೊಂಡು ಬಂದ ಪುಸ್ತಕವನ್ನು ತನ್ನೊಬ್ಬನ ತೀರ್ಪಿನ ಮೇಲೆ ಹೊರಗೆ ಹಾಕಲು ಅವನು ಹೋಗಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ. ಇವತ್ತಿಗೂ ಜರ್ಮನಿಯ ಲೂಥರ್ ಬೈಬಲಿನಲ್ಲಿ ಯೋಹಾನನ ಮೂರನೆಯ ಪತ್ರಿಕೆ ಮುಗಿದ ಮೇಲೆಯೇ ಇಬ್ರಿಯ, ಯಾಕೋಬ ಬರುತ್ತವೆ. ನಮ್ಮ ಕನ್ನಡ ಸತ್ಯವೇದದಲ್ಲಿ ಫಿಲೆಮೋನನ ಪತ್ರಿಕೆ ಆದ ಕೂಡಲೇ ಇಬ್ರಿಯ, ಅದರ ಹಿಂದೆಯೇ ಯಾಕೋಬ.